ಸನ್ನಿಸೈಡ್, ಮಡಿಕೇರಿ: ನಿಧಾನವಾಗಿ ನೋಡಬೇಕಾದ ಸಂಗ್ರಹಾಲಯ

ರಾಜಾಸೀಟು, ಕೋಟೆ, ಅಬ್ಬಿ ಜಲಪಾತ ನೋಡಿ ಮಡಿಕೇರಿಯಿಂದ ಹೊರಡುವವರು ಜನರಲ್ ಕೊಡಂದೇರ ತಿಮ್ಮಯ್ಯನವರ ಬಾಲ್ಯದ ಮನೆ ಸನ್ನಿಸೈಡ್‌ಗೂ ಅರ್ಧ ದಿನ ಮೀಸಲಿಡಬೇಕು. ಹಿಂದೊಮ್ಮೆ ಸಾರಿಗೆ ಕಚೇರಿಯಾಗಿದ್ದ ಈ ಕಟ್ಟಡವನ್ನು ಸಂಗ್ರಹಾಲಯವಾಗಿ ರೂಪಿಸಲಾಗಿದ್ದು, 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ತೀರಿಕೊಂಡದ್ದು 1965ರಲ್ಲಿ. ಅಷ್ಟು ತಡವಾದರೂ ಮನೆ ಉಳಿದದ್ದು ಕೊಡಗಿನ ಭಾಗ್ಯ.

ಆವರಣದ ಯುದ್ಧ ಟ್ಯಾಂಕ್ ಮತ್ತು ಹುತಾತ್ಮರ ಸ್ಮಾರಕ ಮಕ್ಕಳನ್ನು ಸೆಳೆಯುತ್ತವೆ. ಆದರೆ ಇಲ್ಲಿ ತಿಳಿಯಬೇಕಾದದ್ದು, ನಿರ್ಧಾರವೊಂದು ಸಕಾಲಕ್ಕೆ ಬಂದರೆ ಏನಾಗುತ್ತದೆ, ತಡವಾದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು. 1948ರಲ್ಲಿ ಪಾಕಿಸ್ತಾನಿ ಪಡೆಗಳ ಹಿಡಿತದಲ್ಲಿದ್ದ, ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿಲಾ ಕಣಿವೆಯನ್ನು ಭೇದಿಸುವ ಮೊದಲ ಯತ್ನಗಳು ವಿಫಲವಾದಾಗ, ಹಿಮ ದಾರಿ ಮುಚ್ಚುವ ಮುನ್ನವೇ ಹಗುರ ಟ್ಯಾಂಕ್‌ಗಳನ್ನು ಗುಟ್ಟಾಗಿ ಮೇಲೇರಿಸಿ ನವೆಂಬರ್ 1ರಂದು ತಿಮ್ಮಯ್ಯನವರ ನೇತೃತ್ವದಲ್ಲಿ ದಾಳಿ ನಡೆಸಲಾಯಿತು. ಆ ತಿಂಗಳೊಳಗೆ ದ್ರಾಸ್, ಕಾರ್ಗಿಲ್ ಕೈಸೇರಿ ಲೇಹ್‌ಗೆ ದಾರಿ ತೆರೆಯಿತು. ವಾರಗಟ್ಟಲೆ ಮೀನಮೇಷ ಎಣಿಸಿದ್ದರೆ ಲಡಾಖಿನ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದೇ ನಾನು ನಂಬುತ್ತೇನೆ.

ಇದರ ಎದುರಿಗೆ 1959ರಿಂದ 1962ರವರೆಗಿನ ವರ್ಷಗಳನ್ನು ಇಟ್ಟು ನೋಡಬೇಕು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ಸೇನಾ ಮುಖ್ಯಸ್ಥ ತಿಮ್ಮಯ್ಯನವರು 1959ರ ಆಗಸ್ಟ್ ಕೊನೆಯಲ್ಲಿ ಕೊಟ್ಟ ರಾಜೀನಾಮೆಯನ್ನು ನೆಹರೂ ಮಾತಿಗೆ ಮನ್ನಣೆ ಕೊಟ್ಟು ಹಿಂತೆಗೆದುಕೊಂಡರು. ಅದರ ಹಿಂದಿದ್ದ ಪ್ರಶ್ನೆಗಳು ಮಾತ್ರ ಇತ್ಯರ್ಥವಾಗದೆ ಉಳಿದವು. 1961ರಲ್ಲಿ ಅವರು ನಿವೃತ್ತರಾದರು. ಮರುವರ್ಷ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿದಾಗ ಹಳೆಯ .303 ಬಂದೂಕು ಹಿಡಿದು, ಚಳಿಗೆ ತಕ್ಕ ಉಡುಪೂ ಇಲ್ಲದೆ ನಮ್ಮ ಸೈನಿಕರು ಹಿಮದಲ್ಲಿ ನಿಂತಿದ್ದರು. ತುರ್ತು ಪರಿಸ್ಥಿತಿ ಘೋಷಣೆಯಾದದ್ದು ಅಕ್ಟೋಬರ್ 26ರಂದು. ಮೆನನ್ ರಕ್ಷಣಾ ಖಾತೆ ಬಿಟ್ಟದ್ದು ಆ ತಿಂಗಳ ಕೊನೆಗೆ. ಅದಾದ ಮೇಲೂ, ನವೆಂಬರ್ 17ರ ರಾತ್ರಿ ಈಗಿನ ಅರುಣಾಚಲ ಪ್ರದೇಶದ ಸೆಲಾ ಕಣಿವೆಯನ್ನು ಹಿಡಿದು ನಿಲ್ಲಬೇಕೋ, ಹಿಂದೆ ಸರಿಯಬೇಕೋ ಎಂಬುದಕ್ಕೆ ಅಸ್ಸಾಮಿನ ತೇಜ್‌ಪುರದಲ್ಲಿದ್ದ ಸೇನಾ ಮುಖ್ಯಾಲಯದಿಂದ ಸ್ಪಷ್ಟ ಉತ್ತರ ಸಕಾಲಕ್ಕೆ ಬರಲಿಲ್ಲ. ಹಿಮ್ಮೆಟ್ಟುವ ದಾರಿಯಲ್ಲೇ ಸೆಲಾ ಕಾಯುತ್ತಿದ್ದ ಬ್ರಿಗೇಡ್ ಛಿದ್ರವಾಯಿತು. ಅದರ ಬ್ರಿಗೇಡಿಯರ್ ಹೋಶಿಯಾರ್ ಸಿಂಗ್ ಕೂಡ ಪ್ರಾಣ ತೆತ್ತರು. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ಗೋಡೆಗಳಲ್ಲಿ ಸಮವಸ್ತ್ರದ ಚಿತ್ರಗಳಿರುವ ಈ ಜಿಲ್ಲೆಯವರಿಗೆ ಇದು ದೂರದ ಕಥೆಯಲ್ಲ.

ಆದ್ದರಿಂದ ಇಲ್ಲಿನ ಶೌರ್ಯದ ನೆನಪುಗಳ ಜೊತೆಗೆ ಆ ಮೂರು ವರ್ಷಗಳಿಗೂ ದಿನಾಂಕವಾರು ವಿವರಣೆ, ನಕ್ಷೆಗಳೊಂದಿಗೆ ವಿಸ್ತಾರವಾದ ಜಾಗ ದೊರೆಯಲಿ ಎಂಬುದು ನನ್ನ ಹಾರೈಕೆ. ಶಾಲಾ ಶಿಕ್ಷಕರು ರಜಾದಿನಗಳ ನೂಕುನುಗ್ಗಲಿನಲ್ಲಿ ಬಾರದೆ, 1948 ಮತ್ತು 1962ರ ಪಾಠವನ್ನು ತರಗತಿಯಲ್ಲಿ ಮುಗಿಸಿಕೊಂಡು ವಾರದ ನಡುವಿನ ದಿನ ಮಕ್ಕಳನ್ನು ಕರೆತರುವುದು ಒಳ್ಳೆಯದು.