ಕೋಣೆ ನುಂಗಿದ ಸ್ವರ: ಸ್ಪೀಕರ್, ಹೆಡ್‌ಫೋನ್ ಎರಡನ್ನೂ ಕೇಳಿದ ಮೇಲೆ

ನನ್ನ ಆಯ್ಕೆ ಹೆಡ್‌ಫೋನ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಬರಹದ ತಕ್ಕಡಿ ಆ ಕಡೆಗೇ ವಾಲಿದೆ. ಮೊದಲು ಕೊಂಡದ್ದು ಸ್ಪೀಕರ್: ಆರೂವರೆ ಇಂಚಿನ ವೂಫರ್ (ತಗ್ಗಿನ ಸ್ವರಗಳನ್ನು ನುಡಿಸುವ ಭಾಗ) ಇರುವ ಒಂದು ಜೋಡಿ, ಅದಕ್ಕೆ ತಕ್ಕ ಆಂಪ್ಲಿಫೈಯರ್, ಎರಡು ಸ್ಟ್ಯಾಂಡ್, ದಪ್ಪ ವೈರು. ಎಂಟು ತಿಂಗಳ ಬಳಿಕ, ಅದಕ್ಕೆಲ್ಲ ಸುರಿದ ಹಣದ ಕಾಲು ಭಾಗದಲ್ಲಿ, ಹಿಂಬದಿ ತೆರೆದಿರುವ ವೈರಿನ ಹೆಡ್‌ಫೋನ್ ಮನೆಗೆ ಬಂತು. ಒಂದೂವರೆ ವರ್ಷದಿಂದ ಎರಡೂ ಒಂದೇ ಕೋಣೆಯಲ್ಲಿವೆ. ಮನಸ್ಸಿಟ್ಟು ಸಂಗೀತ ಕೇಳಬೇಕು ಎನಿಸಿದಾಗ ಕೈ ಹೋಗುವುದು ಹೆಡ್‌ಫೋನಿನ ಕಡೆಗೆ.

ಸ್ಪೀಕರ್ ತಂದ ಮೊದಲ ವಾರ ಕಿವಿಗೆ ಹಬ್ಬ. ಎರಡನೆಯ ವಾರ ಬೇಸ್ ಗಿಟಾರಿನ, ಅಂದರೆ ತಗ್ಗಿನ ಸ್ವರಗಳ ಗಿಟಾರಿನ, ಒಂದು ಸಾಲು ನನ್ನ ನೆಮ್ಮದಿ ಕೆಡಿಸಿತು. ಪಾಶ್ಚಾತ್ಯ ಸಂಗೀತದ ಡಿ, ಸಿ, ಬಿ, ಎ ಸ್ವರಗಳಲ್ಲಿ ಮೆಟ್ಟಿಲು ಇಳಿದಂತೆ ನಿಧಾನವಾಗಿ ಇಳಿಯುವ ಸಾಲು ಅದು. ಮೂರು ಮೆಟ್ಟಿಲು ಸರಿಯಾಗಿ ಸಿಗುತ್ತಿದ್ದವು. ನಾಲ್ಕನೆಯದರಲ್ಲಿ ಕಾಲಿಗೆ ನೆಲವೇ ಇಲ್ಲ. ತಂತಿ ಮೀಟಿದ ‘ಟಕ್’ ಕೇಳುತ್ತಿತ್ತು, ಅದರ ಬೆನ್ನಿಗೇ ಬರಬೇಕಾದ ತುಂಬುದನಿ ಮಾತ್ರ ಮಾಯ. ಧ್ವನಿಮುದ್ರಣದ್ದೇ ದೋಷ ಇರಬಹುದೆಂದು ಬೇರೆ ಹಾಡು ಹಾಕಿದೆ. ಅಲ್ಲಿಯೂ ಆ ಸ್ವರ ಬಂದಲ್ಲೆಲ್ಲ ಅದೇ ಕಥೆ. ಒಂದು ಸ್ಪೀಕರಿನ ಕೆಂಪು, ಕಪ್ಪು ವೈರುಗಳು ಅದಲುಬದಲಾದರೆ ಎರಡು ಪೆಟ್ಟಿಗೆಗಳು ಒಂದರ ವಿರುದ್ಧ ಒಂದು ಎಳೆದಾಡಿ ಬೇಸ್ ಸೊರಗುತ್ತದೆ. ಅದನ್ನೂ ಬಿಚ್ಚಿ ನೋಡಿದೆ. ಎಲ್ಲವೂ ಸರಿಯಾಗಿಯೇ ಇತ್ತು.

ಗುಟ್ಟು ಬಯಲಾದದ್ದು ಕಿಟಕಿ ಮುಚ್ಚಲು ಎದ್ದಾಗ. ಹಾಡು ನಡೆಯುತ್ತಿತ್ತು. ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತೆ, ಆ ನಾಲ್ಕನೆಯ ಸ್ವರ ಎದೆಗೆ ಬಡಿಯಿತು. ಒಂದು ಹೆಜ್ಜೆ ಮುಂದೆ ಬಂದೆ, ಕುಗ್ಗಿತು. ಕುರ್ಚಿಯ ಬಳಿ ಬಂದೆ, ಇಲ್ಲವಾಯಿತು. ಮತ್ತೆ ಗೋಡೆಗೆ ಹೋದೆ, ಮತ್ತೆ ಬಂತು. ಸ್ವರ ಕೋಣೆಯಲ್ಲೇ ಇತ್ತು. ನಾನು ಕುಳಿತಿದ್ದ ಜಾಗದಲ್ಲಿ ಇರಲಿಲ್ಲ.

ಆ ರಾತ್ರಿಯೇ ಟೇಪು ಹಿಡಿದು ಕೋಣೆಯನ್ನು ಅಳೆದೆ. ಉದ್ದ ಹತ್ತೂಕಾಲು ಅಡಿ, ಅಂದರೆ 3.12 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಸರಿಯಾಗಿ ಅರ್ಧ ಅಲೆ ಹಿಡಿಸುವಂತಿದ್ದರೆ ಆ ಅಲೆ ಅತ್ತಿತ್ತ ಪ್ರತಿಫಲಿಸಿ ಒಂದೇ ಕಡೆ ನಿಂತುಬಿಡುತ್ತದೆ. ಇದೇ ಸ್ಥಾಯೀ ತರಂಗ. ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಕಂಪನ ಎಷ್ಟೆಂದು ತಿಳಿಯುತ್ತದೆ. ನನ್ನ ಕೋಣೆಗೆ ಬಂದ ಉತ್ತರ 55 ಹರ್ಟ್ಜ್, ಅಂದರೆ ಸೆಕೆಂಡಿಗೆ 55 ಕಂಪನ. ಬೇಸ್ ಗಿಟಾರಿನ ಎ ತಂತಿಯನ್ನು ಒತ್ತದೆ ಮೀಟಿದರೆ ಹೊರಡುವುದೂ 55 ಹರ್ಟ್ಜ್. ಇಂಥ ಅಲೆ ಗೋಡೆಗಳ ಬಳಿ ಅತಿ ಜೋರು, ನಟ್ಟನಡುವೆ ಹೆಚ್ಚುಕಡಿಮೆ ಶೂನ್ಯ. ನನ್ನ ಕುರ್ಚಿ ಇದ್ದದ್ದು ಆ ನಟ್ಟನಡುವೆ. ಜೊತೆಗೆ ಅದರ ಮೇಲಿನ ಸ್ಥಾಯಿಯ ಎ, 110 ಹರ್ಟ್ಜಿನದು, ಅದೇ ನಡುವಿನಲ್ಲಿ ಉಬ್ಬಿ ಗುಂಯ್‌ಗುಡುತ್ತಿತ್ತು.

ಮುಂದಿನ ಮೂರು ತಿಂಗಳು ನಾನು ಸಂಗೀತ ಕೇಳಿದ್ದಕ್ಕಿಂತ ಕುರ್ಚಿ ಸರಿಸಿದ್ದೇ ಹೆಚ್ಚು. ಎರಡೂವರೆ ಅಡಿ ಹಿಂದಕ್ಕೆ ಹೋದೆ. 55 ಮರಳಿ ಬಂತು, 110 ಕೈಕೊಟ್ಟಿತು; ಆ ಅಲೆಗೆ ಶೂನ್ಯದ ಜಾಗ ಕೋಣೆಯ ಕಾಲು ಭಾಗದಲ್ಲಿದೆ. ಬೇಸ್ ಗಿಟಾರ್ ಗೆದ್ದರೆ ಗಾಯಕನ ಮಂದ್ರ ಸ್ಥಾಯಿ ಸೋಲುತ್ತಿತ್ತು. ಗೋಡೆಯಿಂದ ಕೋಣೆಯ ಉದ್ದದ ಶೇಕಡಾ 38ರಷ್ಟು ದೂರದಲ್ಲಿ ಕೂರಬೇಕೆಂದು ಈ ಹವ್ಯಾಸದವರು ಹೇಳುವುದುಂಟು. ಅಲ್ಲಿ ನಿಜಕ್ಕೂ ಎರಡರ ನಡುವೆ ಒಂದು ರಾಜಿ ಸಿಕ್ಕಿತು. ಆದರೆ ಕಪಾಟಿನ ಬಾಗಿಲು ತೆರೆಯುವುದೂ ಅಲ್ಲಿಗೇ. ದಿನಕ್ಕೆ ನಾಲ್ಕು ಸಲ ಕುರ್ಚಿ ಎತ್ತಿಡಬೇಕಾದ ಜಾಗ ಶಾಶ್ವತ ಆಸನವಾಗಲಾರದು.

ದಪ್ಪ ಪರದೆ, ನೆಲಕ್ಕೆ ಜಮಖಾನೆ ಹಾಸಿ ನೋಡಿದೆ. ಚಪ್ಪಾಳೆ ತಟ್ಟಿದಾಗ ಗೋಡೆಗಳ ನಡುವೆ ಟಣಟಣಿಸುತ್ತಿದ್ದ ಮಾರ್ದನಿ ಅಡಗಿತು, ಅದು ಲಾಭವೇ. ಆದರೆ 55 ಹರ್ಟ್ಜಿನ ಅಲೆಯ ಉದ್ದ ಆರು ಮೀಟರಿಗೂ ಹೆಚ್ಚು. ಒಂದು ಬೆರಳು ದಪ್ಪದ ಜಮಖಾನೆ ಅದಕ್ಕೆ ಯಾವ ಲೆಕ್ಕ? ಅದನ್ನು ಹೀರಬೇಕಾದರೆ ಮೂಲೆಗಳಲ್ಲಿ ಗಾಜಿನ ನಾರಿನ ದಪ್ಪ ಕಂಬಗಳನ್ನೇ ನಿಲ್ಲಿಸಬೇಕು. ಬೇಕಾದ ಸ್ವರಗಳನ್ನಷ್ಟೇ ಏರಿಳಿಸುವ ಈಕ್ವಲೈಜರಿನಲ್ಲಿ ಆ ಸ್ವರವನ್ನು 6 ಡೆಸಿಬೆಲ್ ಏರಿಸಿದೆ. ಆ ಸ್ವರಕ್ಕೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಸುರಿಯಿತು, ವೂಫರ್ ಏದುಸಿರು ಬಿಟ್ಟಿತು, ಪಕ್ಕದ ಕೋಣೆಯ ಗೋಡೆ ನಡುಗಿತು. ಕುರ್ಚಿಯಲ್ಲಿ ಕುಳಿತ ನನಗೆ ಮಾತ್ರ ಏನೂ ದಕ್ಕಲಿಲ್ಲ. ಎರಡು ಕಡೆಯಿಂದ ಬಂದು ಒಂದನ್ನೊಂದು ಅಳಿಸುವ ಅಲೆಗಳಲ್ಲಿ ಒಂದನ್ನು ಹಿಗ್ಗಿಸಿದರೆ ಇನ್ನೊಂದೂ ಅಷ್ಟೇ ಹಿಗ್ಗುತ್ತದೆ, ಶೂನ್ಯ ಶೂನ್ಯವಾಗಿಯೇ ಉಳಿಯುತ್ತದೆ.

ಸ್ಪೀಕರ್ ಕೊಳ್ಳುವಾಗ ಕೋಣೆಯೂ ಬೆಲೆಯ ಭಾಗ ಎಂದು ಯಾರೂ ನನಗೆ ಹೇಳಿರಲಿಲ್ಲ. ವೂಫರಿನ ಅಳತೆ, ವಾಟುಗಳ ಲೆಕ್ಕ ಎಲ್ಲ ಓದಿದ್ದೆ. ಉದ್ದ, ಅಗಲ, ಎತ್ತರ ಅಳೆಯಬೇಕಾದದ್ದು ಕೊಳ್ಳುವ ಮೊದಲು.

ಹೆಡ್‌ಫೋನ್ ಬಂದ ಸಂಜೆ ಮೊದಲು ಹಾಕಿದ್ದೇ ಆ ಹಾಡು. ಡಿ, ಸಿ, ಬಿ, ಎ. ನಾಲ್ಕನೆಯ ಮೆಟ್ಟಿಲು ಗಟ್ಟಿಯಾಗಿ ಕಾಲಿಗೆ ಸಿಕ್ಕಿತು. ಮತ್ತೆ ಮತ್ತೆ ಅದನ್ನೇ ಕೇಳಿದೆ. ಕಿವಿಗೂ ಹೆಡ್‌ಫೋನಿನಲ್ಲಿ ಸದ್ದು ಹೊರಡಿಸುವ ಡ್ರೈವರಿಗೂ ನಡುವೆ ಇರುವುದು ಬೆರಳೆರಡರ ಅಂತರ. ಆರು ಮೀಟರಿನ ಅಲೆ ಅಲ್ಲಿ ನಿಂತು ಗೂಡು ಕಟ್ಟಲು ಜಾಗವೇ ಇಲ್ಲ. ಹಾಡಿಗೂ ನನಗೂ ನಡುವೆ ಕೋಣೆ ಎಂಬ ಮೂರನೆಯವನು ಇಲ್ಲ. ಆಮೇಲೆ ತಂಬೂರಿಯ ಶ್ರುತಿಯೊಂದನ್ನೇ ಹತ್ತು ನಿಮಿಷ ಕೇಳಿದೆ. ತಂತಿಗಳನ್ನು ಹೊರುವ ಕುದುರೆಯ (ಬ್ರಿಜ್) ಮೇಲೆ ತಂತಿಯ ಅಡಿಯಿರುವ ದಾರ ಸರಿಯಾಗಿ ಕೂತ ತಂತಿ ಹೇಗೆ ಬಿಚ್ಚಿಕೊಂಡು ಝೇಂಕರಿಸುತ್ತದೆ, ಕೂರದ ತಂತಿ ಹೇಗೆ ಕುಗ್ಗಿ ಮುಗಿಯುತ್ತದೆ ಎಂಬುದು ಒಂದೊಂದಾಗಿ ಕೇಳಿಸಿತು. ಸ್ಪೀಕರಿನಲ್ಲಿ ನಾಲ್ಕು ತಂತಿಗಳೂ ಸೇರಿ ಒಂದೇ ಹೊಗೆಯಂತೆ ತೇಲುತ್ತಿದ್ದವು.

ಸ್ಪೀಕರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಎರಡು ಸ್ಪೀಕರ್ ಮತ್ತು ತಲೆ ಸಮಬಾಹು ತ್ರಿಕೋನದ ಮೂರು ತುದಿಗಳಲ್ಲಿದ್ದು, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಕಿವಿಯ ಎತ್ತರಕ್ಕಿದ್ದರೆ, ಎರಡು ಪೆಟ್ಟಿಗೆಗಳ ನಡುವಿನ ಬರಿಗಾಳಿಯಲ್ಲಿ ಗಾಯಕಿ ಬಂದು ನಿಲ್ಲುತ್ತಾಳೆ. ಆ ಅನುಭವ ಹೆಡ್‌ಫೋನಿನಲ್ಲಿ ಇಲ್ಲ. ಸ್ಟೀರಿಯೊ ಹುಟ್ಟಿದ್ದೇ ಸ್ಪೀಕರಿಗಾಗಿ: ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ ಅದರ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲಿ, ಅಮೆರಿಕದ ಜಾನ್ ಕಾಸ್ ಅವರ ಸ್ಟೀರಿಯೊ ಹೆಡ್‌ಫೋನ್ ಬಂದದ್ದು 1958ರಲ್ಲಿ. ಎಡ ಸ್ಪೀಕರಿನ ಸದ್ದು ಬಲಗಿವಿಗೂ ತಲುಪುತ್ತದೆ, ಒಂದು ಮಿಲಿಸೆಕೆಂಡಿಗೂ ಕಡಿಮೆ ತಡವಾಗಿ. ಮಿದುಳು ದಿಕ್ಕನ್ನು ಅಳೆಯುವುದು ಇಂಥ ಸುಳಿವುಗಳಿಂದಲೇ. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಉಳಿದದ್ದು ತಲೆಯೊಳಗೆ. ಗಾಯಕನನ್ನು ಒಂದು ಕಡೆಗೂ ವಾದ್ಯಗಳನ್ನು ಇನ್ನೊಂದು ಕಡೆಗೂ ತಳ್ಳಿದ 1960ರ ದಶಕದ ಕೆಲವು ಸ್ಟೀರಿಯೊ ಮುದ್ರಣಗಳನ್ನು ಹೆಡ್‌ಫೋನಿನಲ್ಲಿ ಕೇಳುವುದು ನನಗೆ ಇಂದಿಗೂ ಹಿಂಸೆ. ಎರಡು ಬದಿಯ ಸದ್ದನ್ನು ಸ್ವಲ್ಪ ಬೆರೆಸುವ ಕ್ರಾಸ್‌ಫೀಡ್ ಸೌಲಭ್ಯವನ್ನು ಅವುಗಳಿಗೆ ಮಾತ್ರ ಹಚ್ಚುತ್ತೇನೆ.

ಹಿಂಬದಿ ಮುಚ್ಚಿದ ಹೆಡ್‌ಫೋನನ್ನೂ ಎರಡು ವಾರ ಎರವಲು ತಂದು ಕೇಳಿದ್ದೆ. ನನ್ನ ಕನ್ನಡಕದ ಕಡ್ಡಿ ಮೆತ್ತೆಯ ಅಂಚನ್ನು ಎತ್ತಿ ಹಿಡಿಯುತ್ತಿತ್ತು, ಆ ಸಂದಿನಿಂದ ಬೇಸ್ ಸೋರಿಹೋಗುತ್ತಿತ್ತು. ಕನ್ನಡಕ ತೆಗೆದರೆ ಬೇಸ್ ಬರುತ್ತಿತ್ತು, ಹಾಕಿದರೆ ಹೋಗುತ್ತಿತ್ತು. ಕನ್ನಡಕ ಹಾಕುವವರು ಇದನ್ನು ತಾವೇ ಹಾಕಿ ನೋಡದೆ ಕೊಳ್ಳಬಾರದು. ತೆರೆದ ಹಿಂಬದಿಯದರಲ್ಲಿ ಈ ವ್ಯತ್ಯಾಸ ನನಗೆ ಅಷ್ಟಾಗಿ ತಿಳಿಯಲಿಲ್ಲ. ಅದರ ಕಷ್ಟ ಬೇರೆ: ಒಳಗಿನ ಸದ್ದು ಹೊರಗೆ, ಫ್ಯಾನಿನ ಸದ್ದು ಒಳಗೆ.

ನನ್ನ ಹೆಡ್‌ಫೋನಿನ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, 300 ಓಂ. ಮೊಬೈಲಿಗೆ ನೇರ ಚುಚ್ಚಿದರೆ ದನಿ ಬಡಕಲು, ಹಾಗಾಗಿ ಅಂಗೈಯಗಲದ ಒಂದು ಆಂಪ್ಲಿಫೈಯರ್ ಬೇಕಾಯಿತು. ಆ ಖರ್ಚು ಮೇಲೆ ಹೇಳಿದ ಕಾಲು ಭಾಗದಲ್ಲೇ ಸೇರಿದೆ.

ಸೆಕೆಗಾಲದಲ್ಲಿ ಕಿವಿ ಬೆವರುತ್ತದೆ. ಸ್ಪೀಕರಿಗೆ ಆ ಗೋಜಿಲ್ಲ.

ಇನ್ನು ನನ್ನ ದಿನಚರಿ. ನನಗೆ ಬಿಡುವು ಸಿಗುವುದು ರಾತ್ರಿ ಹತ್ತರ ಮೇಲೆ, ಮನೆಯವರು ಮಲಗಿದ ಬಳಿಕ. ಗೋಡೆ ದಾಟಿ ಹೋಗುವುದರಲ್ಲಿ ಬೇಸಿನದೇ ಮೇಲುಗೈ, ಆದ್ದರಿಂದ ಸ್ಪೀಕರಿನ ದನಿ ತಗ್ಗಿಸಲೇಬೇಕು. ತಗ್ಗಿಸಿದರೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ತಗ್ಗಿನ ಸ್ವರಗಳನ್ನೇ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಪಿಸುಮಾತಿನಷ್ಟು ದನಿಗೆ ಇಳಿಸಿದ ದೊಡ್ಡ ಸ್ಪೀಕರ್ ಕೇಳಿದಾಗ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನಿಸುತ್ತಿತ್ತು. ಹೆಡ್‌ಫೋನಿನಲ್ಲಿ ಅದೇ ಹೊತ್ತಿನಲ್ಲಿ ನನಗೆ ಬೇಕಾದಷ್ಟು ದನಿ ಇಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ವಾರಕ್ಕೆ 40 ಗಂಟೆ ಕೇಳಬಹುದಾದರೆ, 90 ಡೆಸಿಬೆಲ್ ಬರೀ ನಾಲ್ಕು ಗಂಟೆ. ಹೆಡ್‌ಫೋನಿನಲ್ಲಿ ದನಿ ಏರಿದ್ದು ಪಕ್ಕದವರಿಗೆ ತಿಳಿಯದು, ಬಯ್ಯುವವರೂ ಇಲ್ಲ. ಗುಂಡಿಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೀಟು ಎಳೆದಿದ್ದೇನೆ, ಅದನ್ನು ದಾಟುವುದಿಲ್ಲ.

ಹದಿನೈದು ಅಡಿಗೂ ಮೀರಿದ ಕೋಣೆ, ಕುರ್ಚಿ ಸರಿಸುವ ಸ್ವಾತಂತ್ರ್ಯ, ಹಗಲಿನಲ್ಲಿ ಬಿಡುವು, ಜೊತೆಯಲ್ಲಿ ಕೂತು ಕೇಳುವ ನಾಲ್ಕು ಜನ ಇದ್ದವರು ಸ್ಪೀಕರನ್ನೇ ಕೊಳ್ಳಲಿ, ಕೋಣೆಗೂ ಒಂದಿಷ್ಟು ಹಣ ತೆಗೆದಿಡಲಿ. ನನಗಿರುವುದು ಹತ್ತೂಕಾಲು ಅಡಿ ಮತ್ತು ರಾತ್ರಿಯ ಎರಡು ಗಂಟೆ. ಸ್ಪೀಕರುಗಳನ್ನು ಮಾರಿಲ್ಲ. ಅವುಗಳನ್ನು ಈಗ ಮೇಜಿನ ಎರಡು ತುದಿಗೆ, ಮುಖಕ್ಕೆ ಮೂರಡಿ ದೂರದಲ್ಲಿ ಇಟ್ಟಿದ್ದೇನೆ. ಅಷ್ಟು ಹತ್ತಿರದಲ್ಲಿ ನೇರ ಸದ್ದೇ ಮುಂದಾಗಿ ಕೋಣೆಯ ಗದ್ದಲ ಹಿಂದೆ ಸರಿಯುತ್ತದೆ. ಕುರ್ಚಿಯೂ ಕೋಣೆಯ ನಡುವಿನಿಂದ ಆಚೆ ಸರಿದಿದೆ. ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಅತ್ತಿತ್ತ ಓಡಾಡುವಾಗ ಹಾಡುವುದು ಅವೇ.