ಸೇತನ್‌ನಲ್ಲಿ ಸ್ನೋಶೂ ನಡಿಗೆ: ಹಿಮ ಕಾಣದ ನಮಗೆ ಹೇಳಿ ಮಾಡಿಸಿದ ಆಟ

ಮನಾಲಿಗೆ ಹೋಗುವ ನಮ್ಮೂರಿನವರು ಸಾಮಾನ್ಯವಾಗಿ ಸೋಲಾಂಗ್‌ನಲ್ಲಿ ಬಾಡಿಗೆ ಕೋಟು ತೊಟ್ಟು, ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು, ಎರಡು ಸಲ ಬಿದ್ದು, ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಸ್ಕೀ ಒಂದೇ ದಿನದಲ್ಲಿ ಕೈವಶವಾಗುವ ವಿದ್ಯೆಯಲ್ಲ. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಯ ಮೂಲಕ ಅಷ್ಟು ದೂರ ಹೋಗುವವರು ಆ ದಿನವನ್ನು ಸ್ನೋಶೂ ನಡಿಗೆಗೆ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಫೆಬ್ರವರಿಯಲ್ಲಿ ನಾನು, ಮಗಳು ಮತ್ತು ಭಾವ ಮನಾಲಿಯ ಮೇಲ್ಭಾಗದಲ್ಲಿರುವ ಸೇತನ್ ಹಳ್ಳಿಯ ಯುವಕರ ತಂಡವೊಂದರ ಜೊತೆ ಹೋಗಿದ್ದೆವು.

ಸ್ನೋಶೂ ಎಂದರೆ ಬೂಟಿನ ಅಡಿಗೆ ಪಟ್ಟಿಗಳಿಂದ ಬಿಗಿಯುವ ಅಗಲವಾದ ಚೌಕಟ್ಟು. ಮೈಭಾರ ಹರಡಿಕೊಳ್ಳುವುದರಿಂದ ಮೆತ್ತನೆಯ ಹಿಮದಲ್ಲಿ ಕಾಲು ಆಳಕ್ಕೆ ಹೂತುಹೋಗುವುದಿಲ್ಲ. ಪಾದದ ಮುಂಭಾಗ ಮಾತ್ರ ಬಿಗಿದಿರುತ್ತದೆ, ಹಿಮ್ಮಡಿ ಏಳುತ್ತದೆ. ಅಡಿಯಲ್ಲಿರುವ ಲೋಹದ ಹಲ್ಲುಗಳು ಗಟ್ಟಿ ಹಿಮವನ್ನು ಕಚ್ಚುತ್ತವೆ. ಕಡಿದಾದ ಏರು ಬಂದಾಗ ಹಿಮ್ಮಡಿಯ ಕೆಳಗಿನ ಕಂಬಿಯನ್ನು ಎತ್ತಿ ನಿಲ್ಲಿಸಿದರೆ ಮೀನಖಂಡದ ಸೆಳೆತ ಎಷ್ಟೋ ಕಡಿಮೆಯಾಗುತ್ತದೆ. ಹಿಂದಕ್ಕೆ ಹೆಜ್ಜೆ ಇಡಬಾರದು. ಚೌಕಟ್ಟಿನ ಬಾಲ ಹಿಮಕ್ಕೆ ಚುಚ್ಚಿಕೊಂಡು ಮಲಗಿಸಿಬಿಡುತ್ತದೆ. ತಿರುಗಬೇಕಾದರೆ ಸಣ್ಣ ಹೆಜ್ಜೆಗಳಲ್ಲಿ ಸುತ್ತು ಬರಬೇಕು. ನಮ್ಮ ಗೈಡ್ ಇಷ್ಟನ್ನೂ ಮಾಡಿ ತೋರಿಸಿ, ನಮ್ಮಿಂದಲೂ ಮಾಡಿಸಿದ ಮೇಲೆಯೇ ಹೊರಟ. ಈ ತಾಳ್ಮೆಗೆ ಪೂರ್ಣ ಅಂಕ.

ಸೇತನ್ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ಸಮುದ್ರದ ಮಟ್ಟದಲ್ಲಿ ಬೆಳೆದ ನಮ್ಮ ಉಸಿರು ಅಲ್ಲಿ ಬೇಗ ಕಟ್ಟುತ್ತದೆ. ಹಾಗಾಗಿ ಹಿಂದಿನ ರಾತ್ರಿಯನ್ನು ಮನಾಲಿಯಲ್ಲಿಯೇ ಕಳೆಯುವುದು ಒಳ್ಳೆಯದು. ನಮ್ಮ ಕಾಸರಗೋಡಿನ ಪೊಸಡಿಗುಂಪೆ ಬೆಟ್ಟವನ್ನು ಹತ್ತಿ ಇಳಿಯಬಲ್ಲವರು ಈ ನಡಿಗೆಯನ್ನು ಧೈರ್ಯವಾಗಿ ಮಾಡಬಹುದು. ಅರುವತ್ತು ದಾಟಿದ ಭಾವ ನಮಗಿಂತ ಮುಂದೆಯೇ ಇದ್ದರು. ಅವರನ್ನು ನಿಲ್ಲಿಸಿದ್ದು ದಣಿವಲ್ಲ, ಮರಗಳು. ಒಂದೊಂದರ ಹೆಸರನ್ನೂ ಕೇಳಿಕೊಂಡೇ ಮುಂದಕ್ಕೆ ಹೋಗುತ್ತಿದ್ದರು.

ಮಧ್ಯಾಹ್ನದ ರಾಜ್ಮಾ ಅನ್ನದ ನಂತರ ತಂಡದವರು ಆಡಿಸಿದ ಆಟದ ಹೆಸರು ಯುಕಿಗಸ್ಸೆನ್. ಇದು ಜಪಾನಿನ ಹಿಮದುಂಡೆಯ ಕಾಳಗ. ಹೊಕ್ಕೈಡೊ ದ್ವೀಪದ ಸೊಬೆತ್ಸು ಎಂಬ ಊರಿನಲ್ಲಿ 1989ರಿಂದ ಇದರ ಪಂದ್ಯಾವಳಿ ನಡೆಯುತ್ತಿದೆ. ತಂಡಕ್ಕೆ ಏಳು ಮಂದಿ, ಮೂರು ನಿಮಿಷದ ಒಂದು ಸುತ್ತಿಗೆ ಮೊದಲೇ ಅಚ್ಚಿನಲ್ಲಿ ಒತ್ತಿಟ್ಟ 90 ಉಂಡೆಗಳು. ಉಂಡೆ ತಗುಲಿದವರು ಹೊರಕ್ಕೆ. ಎದುರಾಳಿಯ ಬಾವುಟ ಕಿತ್ತರೆ ಗೆಲುವು. ನಾವು ಆಡಿದ್ದು ಅದರ ಸಣ್ಣ ರೂಪ. ಆದರೂ ಹೆಲ್ಮೆಟ್ ಇಲ್ಲದೆ ಯಾರನ್ನೂ ಅಂಗಳಕ್ಕೆ ಬಿಡಲಿಲ್ಲ. ಕೊನೆಯ ಉಂಡೆಯನ್ನು ಮಗಳು ಎಸೆದ ಬಗೆ ನೋಡಿ ನನಗೆ ಬಹಳ ಹೆಮ್ಮೆಯಾಯಿತು.

ಹಿಮದ ಮೇಲೆ ಜಾರುವ ಚಕ್ರವಿಲ್ಲದ ಬಂಡಿಯ, ಅಂದರೆ ಸ್ಲೆಡ್‌ನ, ಜಾರಾಟವೂ ಇತ್ತು. ಅಡಿಕೆ ಹಾಳೆಯ ಮೇಲೆ ಕುಳಿತು ಎಳೆಸಿಕೊಂಡ ಮಕ್ಕಳಿಗೆ ಇದರ ಸಂತೋಷ ಗೊತ್ತೇ ಇದೆ. ಒಲಿಂಪಿಕ್ಸ್‌ನ ಲೂಜ್ ಇದರದ್ದೇ ವೇಗದ ರೂಪ. 1998ರ ನಾಗಾನೊದಿಂದ 2018ರವರೆಗೆ ಆರು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕಾಗಿ ಲೂಜ್ ಆಡಿದ ಶಿವ ಕೇಶವನ್ ಬೆಳೆದದ್ದು ಮನಾಲಿಯ ಪಕ್ಕದ ವಶಿಷ್ಠದಲ್ಲಿ. ಅವರ ತಂದೆ ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ತಲಶ್ಶೇರಿಯವರು. ಹಿಮದ ಹಳಿ ಇಲ್ಲದ ದೇಶದಲ್ಲಿ ಸ್ಲೆಡ್‌ಗೆ ಚಕ್ರ ಜೋಡಿಸಿ ಬೆಟ್ಟದ ರಸ್ತೆಯಲ್ಲಿ ಅಭ್ಯಾಸ ಮಾಡಿದವರು ಅವರು. ನಮ್ಮ ಶಾಲೆಗಳಲ್ಲಿ ಈ ಮಾತನ್ನು ಹೇಳಬೇಕು.

ಕೊರತೆಗಳೂ ಇವೆ. ಬೂಟಿನೊಳಗೆ ಹಿಮ ನುಗ್ಗದಂತೆ ಕಾಲಿಗೆ ಸುತ್ತುವ ಗೈಟರ್ ಸಣ್ಣ ಅಳತೆಯಲ್ಲಿ ಇರಲಿಲ್ಲ. ಮಗಳ ಕಾಲುಚೀಲ ಪೂರ್ತಿ ಒದ್ದೆಯಾಯಿತು. ಅಷ್ಟು ಚಳಿಯಲ್ಲಿ ಇದು ಸಣ್ಣ ವಿಷಯವಲ್ಲ. ಟೈರಿಗೆ ಸರಪಳಿ ಕಟ್ಟಿದ ಜೀಪಿನ ಬಾಡಿಗೆ ಬೇರೆ ಎಂದು ಹಳ್ಳಿ ತಲುಪಿದ ಮೇಲೆ ತಿಳಿಸಿದರು, ಮೊದಲೇ ಹೇಳಬೇಕಿತ್ತು. ಇಷ್ಟಾದರೂ ತಲಾ ಒಂದೂವರೆ ಸಾವಿರ ರೂಪಾಯಿಗೆ ಇಡೀ ದಿನದ ನಡಿಗೆ, ಆಟ, ಊಟ ಸಿಕ್ಕಿದ್ದು ನ್ಯಾಯವಾದ ಬೆಲೆ. ಐದಕ್ಕೆ ನಾಲ್ಕು ಕೊಡುತ್ತೇನೆ.

ಹೋಗುವವರು ಹತ್ತಿ ಬಟ್ಟೆಯನ್ನು ಒಳಗೆ ತೊಡಬೇಡಿ, ಬೆವರು ಅದರಲ್ಲಿ ನಿಂತು ಮೈ ಕೊರೆಯುತ್ತದೆ. ಉಣ್ಣೆಯ ಕಾಲುಚೀಲ ಇನ್ನೊಂದು ಜೊತೆ ಚೀಲದಲ್ಲಿರಲಿ. ಗೈಟರ್ ಇದೆಯೇ, ಜೀಪಿಗೆ ಎಷ್ಟು ಎಂಬ ಎರಡನ್ನೂ ಮುಂಗಡ ಕೊಡುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ.