ಕನ್ನಡಕದವರ ಸ್ಕೂಬಾ: ಕಾಂಟ್ಯಾಕ್ಟ್ ಲೆನ್ಸಾ, ಪವರ್ ಮಾಸ್ಕಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಪವರ್ ಮಾಸ್ಕಿನ, ಅಂದರೆ ಗಾಜಿನಲ್ಲೇ ಕನ್ನಡಕದ ನಂಬರ್ ಇರುವ ಡೈವಿಂಗ್ ಮಾಸ್ಕಿನ ಪಾರ್ಟಿ. ಎಡಗಣ್ಣು ಮೈನಸ್ 4.5, ಬಲಗಣ್ಣು ಮೈನಸ್ 5, ಎರಡಕ್ಕೂ ಚೂರು ಸಿಲಿಂಡರ್, ಅಂದರೆ ಅಸ್ಟಿಗ್ಮ್ಯಾಟಿಸಂ ಸರಿಪಡಿಸುವ ನಂಬರ್. ಬೆಳಿಗ್ಗೆ ಎದ್ದ ತಕ್ಷಣ ಕೈ ದಿಂಬಿನ ಪಕ್ಕ ತಡಕಾಡುತ್ತದಲ್ಲ, ಆ ಜಾತಿ. ನಮ್ಮಂಥವರು ಹವಳದ ದಿಬ್ಬ ನೋಡೋಕೆ ಸಮುದ್ರಕ್ಕಿಳಿದರೆ ಕನ್ನಡಕ ಹಾಕುವ ಹಾಗಿಲ್ಲ. ಕಡ್ಡಿ ಮಾಸ್ಕಿನ ಅಂಚಿನಡಿ ಸಿಕ್ಕಿಕೊಂಡು ನೀರು ಒಳಗೆ ಬರುತ್ತದೆ. ಪವರ್ ಇರುವ ಈಜುವ ಗಾಗಲ್ಸ್ ಇದೆ ಅಂತ ತರಬೇಡಿ. ಕೆಳಗೆ ಹೋದಂತೆ ಒಳಗಿನ ಗಾಳಿ ಕುಗ್ಗಿ ಅದು ಕಣ್ಣಿಗೆ ಕಚ್ಚಿಕೊಳ್ಳುತ್ತದೆ. ಡೈವಿಂಗ್ ಮಾಸ್ಕಿನೊಳಗೆ ಮೂಗೂ ಇರುತ್ತದೆ, ಅಲ್ಲಿಂದ ಒಂಚೂರು ಉಸಿರು ಬಿಟ್ಟರೆ ಸರಿಹೋಗುತ್ತದೆ.

ಏನೂ ಇಲ್ಲದೆ ಇಳಿದರೆ ಹೇಗೆ? ಅದನ್ನೂ ನೋಡಿಯಾಯಿತು. ಅಂಡಮಾನಿನ ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ ನೀಮೋ ರೀಫ್ ಅಂತ ಒಂದು ಜಾಗವಿದೆ. ದಡದಿಂದಲೇ ನಡೆದು ಇಳಿಯಬಹುದು, ನೀರು 28 ಡಿಗ್ರಿ ಆಸುಪಾಸು, ಚಳಿಯ ಮಾತೇ ಇಲ್ಲ. ಡೈವಿಂಗ್ ಕಲಿಸುವವನು ಬೆರಳು ತೋರಿಸಿದ. ಒಂದು ಕಂದು ಮುದ್ದೆ, ಅದರ ಸುತ್ತ ಕಿತ್ತಳೆ ಬಣ್ಣದ ಚುಕ್ಕಿಗಳ ಓಡಾಟ, ಅಷ್ಟೇ ಕಂಡಿದ್ದು. ಅದು ಕ್ಲೌನ್ ಮೀನು, ಆ ಮುದ್ದೆ ಅದರ ಮನೆಯಾದ ಸಮುದ್ರ ಅನಿಮೋನಿ ಅಂತ ರೂಮಿಗೆ ಬಂದು ಫೋಟೋ ನೋಡಿದ ಮೇಲೆ ಗೊತ್ತಾಯಿತು. ನೀರೊಳಗೆ ವಸ್ತುಗಳು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವುದರಿಂದ ಮೈನಸ್ 1, 1.5ರವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ನಮಗೆ ಸಾಲುವುದಿಲ್ಲ. ಮೀನು ಕಾಣದಿದ್ದರೆ ಹೋಗಲಿ, ಬೆನ್ನಿಗಿರುವ ಗಾಳಿ ಟ್ಯಾಂಕಿನ ಒತ್ತಡ ತೋರಿಸುವ ಗೇಜ್ ಓದಬೇಕಲ್ಲ. 200 ಬಾರ್‌ನಿಂದ ಶುರುವಾದ ಮುಳ್ಳು 50ಕ್ಕೆ ಬರುವ ಹೊತ್ತಿಗೆ ಮೇಲಿರಬೇಕು. ಮತ್ತೆ ಹವಳದ ನಡುವೆ ಕಲ್ಲಿನ ಹಾಗೇ ಕೂತಿರುವ ಸ್ಟೋನ್‌ಫಿಶ್‌ನ ಬೆನ್ನಿನ ಮುಳ್ಳಲ್ಲಿ ವಿಷವಿರುತ್ತದೆ. ಕಣ್ಣು ಚೆನ್ನಾಗಿರುವವರಿಗೇ ಅದು ಕಾಣೋದು ಕಷ್ಟ. ಇನ್ನು ದಿಬ್ಬ ಎಷ್ಟು ಹತ್ತಿರವಿದೆ ಅಂತ ಅಂದಾಜಾಗದೆ ಕಾಲಿಗೆ ಕಟ್ಟಿದ ಫಿನ್ ಬಡಿದರೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಹವಳ ಟಪ್ ಅಂತ ಮುರಿಯುತ್ತದೆ.

ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಕಾಣುವುದು ಎಲ್ಲಕ್ಕಿಂತ ಚೆನ್ನ, ಸುಳ್ಳು ಹೇಳಲ್ಲ. ಸಿಲಿಂಡರ್ ಇರುವವರಿಗೂ ಸಿಗುತ್ತದೆ, ಮಾಸ್ಕ್ ತೆಗೆದ ಮೇಲೂ ಲೋಕ ಸ್ಪಷ್ಟವಾಗಿರುತ್ತದೆ. ಒಂದು ದಿನ ಹಾಕಿ ಎಸೆಯುವ ಮೆತ್ತನೆಯದ್ದೇ ತಗೊಳ್ಳಿ. ಗಟ್ಟಿ ಲೆನ್ಸ್ ಡೈವಿಂಗಿಗೆ ಬೇಡ, ಅದರಡಿ ಗುಳ್ಳೆ ಕೂರುತ್ತದೆ. ಆದರೆ ನಾನು ದಿನಾ ಲೆನ್ಸ್ ಹಾಕುವವನಲ್ಲ. ಅಲ್ಲಾಡುವ ದೋಣಿಯಲ್ಲಿ, ಸನ್‌ಸ್ಕ್ರೀನ್ ಮೆತ್ತಿದ ಬೆರಳಲ್ಲಿ, ಕನ್ನಡಿಯಿಲ್ಲದೆ ಅದನ್ನು ಕಣ್ಣಿಗೆ ಕೂರಿಸೋದು ನನ್ನ ಕೈಲಾಗದ ಕೆಲಸ. ಕೋರ್ಸ್ ಮಾಡುವವರಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ನೀರೊಳಗೆ ಮಾಸ್ಕ್ ಪೂರ್ತಿ ತೆಗೆದು, ಮತ್ತೆ ಹಾಕಿ, ನೀರು ಹೊರಹಾಕಿ ತೋರಿಸಬೇಕು. ಅಲ್ಲಿ ಕಣ್ಣು ಬಿಟ್ಟಿರೋ, ಲೆನ್ಸ್ ಸಮುದ್ರಪಾಲಾದೀತು. ಲೆನ್ಸಿಗೆ ನೀರು ಸೋಕಿಸಲೇಬೇಡಿ ಅಂತ ಕಣ್ಣಿನ ಡಾಕ್ಟರು ಹೇಳುವುದು ಅಕಾಂತಮೀಬಾ ಅನ್ನುವ ಸೂಕ್ಷ್ಮಜೀವಿಗೆ ಹೆದರಿ. ಅಪರೂಪದ ಸೋಂಕು, ಆದರೆ ಬಂದರೆ ದೃಷ್ಟಿಗೇ ಸಂಚಕಾರ. ಲೆನ್ಸಿನವರು ಡೈವ್ ಮುಗಿದ ಕೂಡಲೇ ತೆಗೆದು ಬಿಸಾಡಿ, ಸಂಜೆವರೆಗೆ ಇಟ್ಟುಕೊಳ್ಳಬೇಡಿ.

ಇನ್ನು ನನ್ನ ಮಾಸ್ಕ್. ಎರಡು ಬೇರೆ ಬೇರೆ ಗಾಜಿನದ್ದು. ಮಾಮೂಲಿ ಗಾಜು ತೆಗೆದು ಪವರ್ ಗಾಜು ಕೂರಿಸಿ ಕೊಡುತ್ತಾರೆ, ಅರ್ಧ ಅರ್ಧ ಪಾಯಿಂಟಿನ ಲೆಕ್ಕದಲ್ಲಿ ರೆಡಿ ಸಿಗುತ್ತದೆ. ಸಿಲಿಂಡರ್ ಸಿಗುವುದಿಲ್ಲ. ನನ್ನ ಸಿಲಿಂಡರಿನ ಅರ್ಧವನ್ನು ಪವರಿಗೆ ಸೇರಿಸಿ ಹತ್ತಿರದ ನಂಬರ್ ಹಾಕಿಸಿದೆ, ನೀರಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಎಲ್ಲಾ ಸೇರಿ ಎಂಟು ಸಾವಿರದ ಆಸುಪಾಸು.

ಕಾಟ ಕೊಟ್ಟಿದ್ದು ಗಾಜಿಗೆ ಹಿಡಿಯುವ ಮಂಜು. ಮುರುಡೇಶ್ವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ ಕುಲುಕಾಡಿಕೊಂಡು ನೇತ್ರಾಣಿ ದ್ವೀಪಕ್ಕೆ ಹೋಗಿ, ಹೊಸ ಮಾಸ್ಕ್ ಹಾಕಿ ಇಳಿದರೆ ಎರಡೇ ನಿಮಿಷಕ್ಕೆ ಎರಡೂ ಗಾಜು ಬೆಳ್ಳಗೆ. ಎಂಟು ಸಾವಿರ ಕೊಟ್ಟು ಬಚ್ಚಲುಮನೆ ಕಿಟಕಿ ಕೊಂಡ ಹಾಗಾಯಿತು. ಇಷ್ಟು ಬೆಚ್ಚಗಿನ ನೀರಲ್ಲೂ ಹೀಗೇಕೆ ಅಂದರೆ, ಮುಖ ನೀರಿಗಿಂತ ಬಿಸಿ, ಮೂಗಿನ ಉಸಿರು ಒದ್ದೆ, ಅದು ಹೋಗಿ ತಣ್ಣನೆಯ ಗಾಜಿಗೆ ಕೂರುತ್ತದೆ. ಹೊಸ ಮಾಸ್ಕಿನ ಗಾಜಿನ ಮೇಲೆ ಕಣ್ಣಿಗೆ ಕಾಣದ ಸಿಲಿಕೋನ್ ಪೊರೆ ಬೇರೆ ಇರುತ್ತದೆ, ಹನಿಗಳು ಜಾರಿ ಹೋಗದೆ ಅದನ್ನೇ ಹಿಡಿದು ನಿಲ್ಲುತ್ತವೆ. ಅಂಗಡಿಯವನು ತೊಳೆದು ಹಾಕ್ಕೊಳ್ಳಿ ಸಾಕು ಅಂದಿದ್ದ. ಸಾಕಾಗಲಿಲ್ಲ.

ಅವತ್ತು ಪೂರ್ತಿ ಒಂದೇ ಕೆಲಸ. ಮಾಸ್ಕಿಗೆ ಸ್ವಲ್ಪ ನೀರು ಬಿಡು, ತಲೆ ಬಗ್ಗಿಸಿ ಗಾಜಿನ ಮೇಲೆ ಆಡಿಸು, ಮೇಲಿನ ಅಂಚು ಒತ್ತಿಕೊಂಡು ಮೂಗಿನಿಂದ ಊದಿ ಹೊರಹಾಕು. ಅರೆ ನಿಮಿಷ ಸ್ಪಷ್ಟ, ಆಮೇಲೆ ಮತ್ತೆ ಶುರು. ಉಪ್ಪುನೀರಿಗೆ ಕಣ್ಣು ಉರಿ. ಜೊತೆಗಿದ್ದವರು ಗಿಳಿಮೀನು ನೋಡಿದೆವು, ಬರಾಕುಡಾ ಹಿಂಡು ನೋಡಿದೆವು ಅಂತಿದ್ದರೆ ನಾನು ಸುಮ್ನೆ ಟೀ ಕುಡಿಯುತ್ತಾ ಕೂತಿದ್ದೆ.

ಮನೆಗೆ ಬಂದ ಮೇಲೆ ಬಿಳಿ ಟೂತ್‌ಪೇಸ್ಟ್ ಹಿಡಿದು ಕೂತೆ. ಜೆಲ್ ಅಲ್ಲ, ಹಳೇ ಕಾಲದ ಬಿಳಿ ಪೇಸ್ಟ್. ಒಣಗಿದ ಗಾಜಿನ ಒಳಮೈಗೆ ಕಡಲೆಕಾಳಿನಷ್ಟು ಹಾಕಿ, ಹೆಬ್ಬೆರಳಲ್ಲಿ ಸುತ್ತುಸುತ್ತಾಗಿ, ಮೂಲೆ ಬಿಡದೆ ಉಜ್ಜಬೇಕು. ತೊಳೆದು ಒರೆಸಿ ಹಾ ಅಂತ ಉಸಿರು ಬಿಟ್ಟು ನೋಡಿ. ಮಂಜು ಒಂದೇ ಸಮ ಕೂತು ನಿಧಾನ ಹೋದರೆ ಪೊರೆ ಇನ್ನೂ ಇದೆ ಅಂತ, ಮತ್ತೆ ಉಜ್ಜಿ. ಕೆಲವರು ಲೈಟರ್ ಉರಿಯಲ್ಲಿ ಪೊರೆ ಸುಡುತ್ತಾರೆ. ಪವರ್ ಗಾಜಿನ ಮೇಲೆ ಆ ಧೈರ್ಯ ನನಗೆ ಬರಲಿಲ್ಲ, ನೀವೂ ಮಾಡಬೇಡಿ. ಪೊರೆ ಹೋದ ಮೇಲೆ ಪ್ರತಿ ಡೈವಿಗೆ ಮುಂಚೆ ಎರಡು ಹನಿ ಬೇಬಿ ಶಾಂಪೂ ಸವರಿ, ಒಂದು ಸಲ ನೀರಲ್ಲಿ ಅದ್ದಿದರೆ ಮುಗೀತು. ಶಾಂಪೂ ಮರೆತರೆ ಎಂಜಲು ಇದ್ದೇ ಇದೆ. ನಾಚಿಕೊಳ್ಳಬೇಡಿ, ದೋಣಿಯಲ್ಲಿ ಎಲ್ಲರೂ ಉಗಿಯುತ್ತಾರೆ.

ಮುಂದಿನ ಸಲ ಅದೇ ನೇತ್ರಾಣಿಯಲ್ಲಿ ಲಯನ್‌ಫಿಶ್ಶಿನ ರೆಕ್ಕೆ ಮೇಲಿನ ಪಟ್ಟೆ ಎಣಿಸುವಷ್ಟು ಸ್ಪಷ್ಟ ಕಂಡಿತು. ಏಣಿ ಹತ್ತುವಾಗಲೂ ಕಣ್ಣು ಕಾಣುತ್ತದೆ ಅನ್ನೋದು ಇನ್ನೊಂದು ಲಾಭ. ಕನ್ನಡಕದ ಡಬ್ಬಿಯನ್ನು ಮಾತ್ರ ದೋಣಿಯ ಹುಡುಗನ ಕೈಗೆ ಕೊಟ್ಟೇ ಇಳಿಯಿರಿ, ಮಾಸ್ಕ್ ತೆಗೆದ ಕ್ಷಣ ನಾವು ಮತ್ತೆ ಕುರುಡರು.

ಮೀಸೆ ಇದ್ದವರಿಗೆ ಯಾವ ಮಾಸ್ಕಾದರೂ ಸೋರಬಹುದು, ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿ.

ನಮ್ಮ ಪವರಿಗೇ ಲೆನ್ಸ್ ಮಾಡಿಸಿ ಗಾಜಿಗೆ ಅಂಟಿಸುವ ಮಾಸ್ಕೂ ಇದೆ. ಗೆಳೆಯನದ್ದು ಹಾಕಿ ನೋಡಿದೆ, ಕೆಲಸ ಅಚ್ಚುಕಟ್ಟು. ಬೆಲೆ ನನ್ನದರ ದುಪ್ಪಟ್ಟು, ವಾರಗಟ್ಟಲೆ ಕಾಯಬೇಕು, ಪವರ್ ಬದಲಾದರೆ ಎಲ್ಲಾ ಮೊದಲಿಂದ. ನನ್ನದರಲ್ಲಿ ಗಾಜು ಮಾತ್ರ ಬದಲಾಯಿಸಿದರಾಯಿತು.

ಜೀವಮಾನದಲ್ಲಿ ಒಂದೇ ಸಲ ಇಳಿಯುವವರು ದುಡ್ಡು ಸುರಿಯಬೇಡಿ. ಬುಕ್ ಮಾಡುವಾಗಲೇ ನಿಮ್ಮ ನಂಬರಿನ ಮಾಸ್ಕ್ ಬಾಡಿಗೆಗೆ ಇದೆಯಾ ಅಂತ ಫೋನಿನಲ್ಲಿ ಕೇಳಿ, ಕೆಲವು ಕಡೆ ಇಟ್ಟಿರುತ್ತಾರೆ. ನನ್ನ ಹಾಗೆ ಮಳೆಗಾಲ ಮುಗಿಯೋದನ್ನೇ ಕಾಯುವವರು ಸ್ವಂತದ್ದು ತಗೊಳ್ಳಿ. ಸಿಲಿಂಡರ್ 2 ದಾಟಿದವರು ಮಾತ್ರ ನನ್ನ ಮಾತು ಕೇಳಬೇಡಿ, ಅಂಟಿಸುವ ಲೆನ್ಸಿಗೇ ದುಡ್ಡು ಕೂಡಿಡಿ.